ಪರಸ್ಥಳದ ಓದುಗ ಮತ್ತು ಸಾರ್ವಜನಿಕ ಗ್ರಂಥಾಲಯ: ದಕ್ಷಿಣ ಭಾರತದ ನಾಲ್ಕು ಸಂಸ್ಥೆಗಳ ಚಾರಿತ್ರಿಕ ಅವಲೋಕನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯು ಪ್ರವಾಸ ಮತ್ತು ಅಧ್ಯಯನಗಳನ್ನು ಜ್ಞಾನಾರ್ಜನೆಯ ಎರಡು ಪರ್ಯಾಯ ಮಾರ್ಗಗಳೆಂದು ಪರಿಗಣಿಸುತ್ತದೆ. ಒಂದು ಸಾಧ್ಯವಾಗದವನಿಗೆ ಮತ್ತೊಂದು ಎಂಬುದು ಅದರ ಆಶಯ. ಈ ಎರಡೂ ಮಾರ್ಗಗಳು ಕೂಡುವ ಸ್ಥಳವೊಂದಿದೆ. ಪರಊರಿಗೆ ಹೋದವನು ಅಲ್ಲಿಯ ಗ್ರಂಥಾಲಯವನ್ನು ಪ್ರವೇಶಿಸಿದಾಗ ದೇಶ ಸುತ್ತುವುದೂ ಕೋಶ ಓದುವುದೂ ಏಕಕಾಲದಲ್ಲಿ ನಡೆಯುತ್ತವೆ. ಆದರೆ ಹಾಗೆ ಪ್ರವೇಶಿಸುವ ಅವಕಾಶವು ಎಲ್ಲ ಕಾಲದಲ್ಲಿಯೂ ಎಲ್ಲರಿಗೂ ಇರಲಿಲ್ಲ. ಅದು ಹಲವು ಹಂತಗಳಲ್ಲಿ, ಬೇರೆ ಬೇರೆ ಕಾರಣಗಳಿಂದ ದೊರೆತುದಾಗಿದೆ.

ಗ್ರಂಥಾಲಯದ ಇತಿಹಾಸವನ್ನು ಸಾಮಾನ್ಯವಾಗಿ ಸಂಗ್ರಹದ ದೃಷ್ಟಿಯಿಂದ, ಸ್ಥಾಪಕರ ದೃಷ್ಟಿಯಿಂದ ಅಥವಾ ಆಡಳಿತದ ದೃಷ್ಟಿಯಿಂದ ಬರೆಯಲಾಗುತ್ತದೆ. ಪ್ರಸ್ತುತ ಲೇಖನವು ಅದನ್ನು ಪರಸ್ಥಳದ ಓದುಗನ ದೃಷ್ಟಿಯಿಂದ ನೋಡುತ್ತದೆ. ಸ್ಥಳೀಯನಿಗೆ ಪರಿಚಯದ ಬಲವಿರುತ್ತದೆ, ವಿಳಾಸವಿರುತ್ತದೆ, ಜಾಮೀನು ನೀಡುವವರಿರುತ್ತಾರೆ. ದಾರಿಹೋಕನಿಗೆ ಇವಾವುವೂ ಇಲ್ಲ. ಅವನಿಗೆ ಗ್ರಂಥಾಲಯವು ಏನನ್ನು ಕೊಡುತ್ತದೆ ಎಂಬುದೇ 'ಸಾರ್ವಜನಿಕ' ಎಂಬ ವಿಶೇಷಣಕ್ಕೆ ಸರಿಯಾದ ಒರೆಗಲ್ಲು. ಈ ನೆಲೆಯಲ್ಲಿ ತಂಜಾವೂರು, ಮೈಸೂರು, ಚೆನ್ನೈ ಮತ್ತು ಬೆಂಗಳೂರುಗಳ ನಾಲ್ಕು ಗ್ರಂಥಾಲಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಇವು ಪ್ರವಾಸಿಗಳು ನೋಡಬಹುದಾದ ಸಂಸ್ಥೆಗಳಷ್ಟೇ ಅಲ್ಲ. ಗ್ರಂಥಾಲಯದ ಬಾಗಿಲು ತೆರೆದ ನಾಲ್ಕು ಬಗೆಗಳ ನಿದರ್ಶನಗಳೂ ಆಗಿವೆ.

1. ದರ್ಶನ ಮತ್ತು ವಾಚನ

ಕರ್ನಾಟಕದಲ್ಲಿ ಗ್ರಂಥಗಳ ಸಂಗ್ರಹ ಮತ್ತು ಪಾಲನೆಯ ಪರಂಪರೆಯು ಪ್ರಾಚೀನವಾದುದು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಈ ವಿಷಯದಲ್ಲಿ ಬಹು ಮುಖ್ಯವಾದ ಆಧಾರ. ಕಲ್ಯಾಣ ಚಾಲುಕ್ಯರ ಕಾಲದ ಈ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ಹಾಗೂ ಶಾಸ್ತ್ರಾಧ್ಯಯನ ಮಾಡುವ 52 ವಿದ್ಯಾರ್ಥಿಗಳಿಗೆ, ಅವರ ಉಪಾಧ್ಯಾಯರಿಗೆ, ಅಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರಿಗೆ ವ್ಯವಸ್ಥೆ ಮಾಡಿದ ಸಂಗತಿಯನ್ನು ತಿಳಿಸುತ್ತದೆ. ಗ್ರಂಥಪಾಲನೆಯು ಪ್ರತ್ಯೇಕವಾದ ವೃತ್ತಿಯೆಂದೂ ಅದಕ್ಕೆ ಸ್ಥಿರವಾದ ಆದಾಯವಿರಬೇಕೆಂದೂ ಒಪ್ಪಿದ ಸಮಾಜವೊಂದು ಇಲ್ಲಿ ಕಾಣಿಸುತ್ತದೆ. ಆದರೆ ಆ ಭಂಡಾರವಿದ್ದುದು ಘಟಿಕಾಸ್ಥಾನದ ವಿದ್ಯಾರ್ಥಿಗಳಿಗೆ ಮತ್ತು ಉಪಾಧ್ಯಾಯರಿಗೆ. ಶಾಸನವು ಎಣಿಸಿ ಹೇಳಿದ ಈ ಸಮುದಾಯದ ಹೊರಗಿನವರು ಅದರ ಲೆಕ್ಕದಲ್ಲಿಲ್ಲ.

ಮೂಡುಬಿದಿರೆಯ ನಿದರ್ಶನವು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ದೇಶದ ನಾನಾ ಭಾಗಗಳಿಂದ ಯಾತ್ರಿಕರು ಅಲ್ಲಿಗೆ ಬಂದು ಸಿದ್ಧಾಂತ ದರ್ಶನ ಮಾಡಿ ಹೋಗುತ್ತಿದ್ದರು. ಅವರಿಗೆ ಗ್ರಂಥವು ಪೂಜ್ಯವಸ್ತುವಾಗಿ ಕಾಣುತ್ತಿತ್ತೇ ಹೊರತು ಪಠ್ಯವಾಗಿ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾದ ಪ್ರತಿ ಮಾಡುವ ಕಾರ್ಯವು ಹಲವು ವರ್ಷ ನಡೆದು, ಧವಲದ ಮೊದಲ ಸಂಪುಟವು 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಯಿತು. ಆಗ ಮಾತ್ರ ಮೂಡುಬಿದಿರೆಯ ಓಲೆಗಳು ಮೂಡುಬಿದಿರೆಗೆ ಬಾರದವರಿಗೂ ಓದಲು ಸಿಕ್ಕವು.

ಈ ರಕ್ಷಣೆಯ ಮೌಲ್ಯವನ್ನು ಕಡಿಮೆಯೆಂದು ಎಣಿಸಲಾಗದು. ಬಸದಿಯು ಅವುಗಳನ್ನು ಅಷ್ಟು ಎಚ್ಚರದಿಂದ ಕಾಯದಿದ್ದಲ್ಲಿ ಮುದ್ರಿಸಲು ಪ್ರತಿಯೇ ಉಳಿಯುತ್ತಿರಲಿಲ್ಲ. ಆದರೂ ದರ್ಶನ ಮತ್ತು ವಾಚನಗಳ ನಡುವಣ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಪರಸ್ಥಳದವನನ್ನು ನೋಡುವವನ ಸ್ಥಾನದಿಂದ ಓದುವವನ ಸ್ಥಾನಕ್ಕೆ ತಂದ ಪ್ರಕ್ರಿಯೆಯೇ ಆಧುನಿಕ ಸಾರ್ವಜನಿಕ ಗ್ರಂಥಾಲಯದ ಇತಿಹಾಸ.

2. ತಂಜಾವೂರು: ಅರಮನೆಯ ಭಂಡಾರ ಮತ್ತು ಸೂಚಿ

ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದ ಮೂಲವು ನಾಯಕ ಅರಸರ ಅರಮನೆಯ ಸಂಗ್ರಹದಲ್ಲಿದೆ. ಅದನ್ನು ಇಂದಿನ ಪ್ರಸಿದ್ಧಿಗೆ ತಂದವನು 1798ರಿಂದ 1832ರವರೆಗೆ ಆಳಿದ ಮರಾಠ ಅರಸ ಎರಡನೆಯ ಸರ್ಫೋಜಿ. ಮಿಷನರಿ ಶ್ವಾರ್ಟ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಈ ಅರಸನು ಸಂಸ್ಕೃತ, ತಮಿಳು, ತೆಲುಗು, ಮರಾಠಿ ಹಸ್ತಪ್ರತಿಗಳೊಂದಿಗೆ ಯೂರೋಪಿನ ಮುದ್ರಿತ ಗ್ರಂಥಗಳನ್ನೂ ತರಿಸಿದನು. 1820ರ ದಶಕದ ಆರಂಭದಲ್ಲಿ ಅವನು ಕೈಗೊಂಡ ಕಾಶೀಯಾತ್ರೆಯೂ ಗ್ರಂಥಸಂಗ್ರಹಕ್ಕೆ ನೆರವಾಯಿತು. ಅರಸನ ಯಾತ್ರೆಯು ಭಂಡಾರವನ್ನು ತುಂಬಿತು. ಆದರೆ ಭಂಡಾರವು ಅರಮನೆಯದಾಗಿಯೇ ಉಳಿಯಿತು.

1855ರಲ್ಲಿ ಸರ್ಫೋಜಿಯ ಮಗ ಶಿವಾಜಿಯ ಮರಣದೊಂದಿಗೆ ಅರಸುತನವು ಕೊನೆಗೊಂಡಿತು. ಅನಂತರದ ಕಾಲದಲ್ಲಿ ಈ ಸಂಗ್ರಹಕ್ಕೆ ಆದ ಬಹು ದೊಡ್ಡ ಉಪಕಾರವೆಂದರೆ ಎ. ಸಿ. ಬರ್ನೆಲ್ ಅವರು ಸಿದ್ಧಪಡಿಸಿದ ಸಂಸ್ಕೃತ ಹಸ್ತಪ್ರತಿಗಳ ವರ್ಗೀಕೃತ ಸೂಚಿ. ಇದು 1880ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ತಮ್ಮ ಕೃತಿಯನ್ನು ಇದೇ ಬರ್ನೆಲ್ ಅವರು 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದರೆಂಬುದು ಕನ್ನಡ ಸಂಶೋಧಕರಿಗೆ ಪರಿಚಿತವಾದ ಸಂಗತಿ. 1918ರಲ್ಲಿ ಗ್ರಂಥಾಲಯವು ಸಾರ್ವಜನಿಕರಿಗೆ ತೆರೆಯಿತು. 1928ರಿಂದ ಪಿ. ಪಿ. ಎಸ್. ಶಾಸ್ತ್ರಿಯವರ ವಿವರಣಾತ್ಮಕ ಸೂಚಿಯ ಸಂಪುಟಗಳು ಹೊರಬರತೊಡಗಿದವು.

ಈ ಎರಡು ಘಟನೆಗಳ ಕ್ರಮವನ್ನು ಗಮನಿಸಬೇಕು. ಬಾಗಿಲು ತೆರೆಯುವುದಕ್ಕೆ 38 ವರ್ಷ ಮೊದಲೇ ಸೂಚಿ ಪ್ರಕಟವಾಗಿತ್ತು. ಅರಮನೆಯ ಪಂಡಿತನಿಗೆ ಯಾವ ಕಟ್ಟು ಯಾವ ಪೆಟ್ಟಿಗೆಯಲ್ಲಿದೆಯೆಂಬುದು ಬಾಯಿಪಾಠವಾಗಿರಬಹುದು. ದೂರದಿಂದ ಬರುವವನಿಗೆ ಸೂಚಿಯೊಂದೇ ಆಧಾರ. ಯಾವ ಗ್ರಂಥವಿದೆಯೆಂಬುದನ್ನು ತಿಳಿದ ಮೇಲೆಯೇ ಅವನು ಪ್ರಯಾಣವನ್ನು ನಿಶ್ಚಯಿಸಬಲ್ಲನು. ಸೂಚಿಯಿಲ್ಲದ ತೆರೆದ ಬಾಗಿಲು ಅಪರಿಚಿತನಿಗೆ ಅರ್ಧ ಮುಚ್ಚಿದ ಬಾಗಿಲೇ ಸರಿ. ಇಂದು ತಂಜಾವೂರಿನ ಅರಮನೆಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಗ್ರಂಥಾಲಯದ ವಸ್ತುಸಂಗ್ರಹಾಲಯವನ್ನು ನೋಡಿ ಮುಂದೆ ಸಾಗುತ್ತಾರೆ. ಅಲ್ಲಿಯೂ ದರ್ಶನ ಮತ್ತು ವಾಚನಗಳು ಎರಡು ಪ್ರತ್ಯೇಕ ಕೋಣೆಗಳಲ್ಲಿ ನಡೆಯುತ್ತವೆ; ಆದರೆ ಎರಡಕ್ಕೂ ಅವಕಾಶವಿದೆ.

3. ಮೈಸೂರು: ಪರಸ್ಥಳದಿಂದ ಬಂದ ಓಲೆ

ತಂಜಾವೂರಿನಲ್ಲಿ ಹಳೆಯ ಭಂಡಾರವು ಸಾರ್ವಜನಿಕವಾದರೆ, ಮೈಸೂರಿನಲ್ಲಿ ಹೊಸ ಸಂಸ್ಥೆಯೊಂದು ಭಂಡಾರವನ್ನು ಕೂಡಿಸತೊಡಗಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯವು ಸಂಸ್ಕೃತ ಮತ್ತು ಕನ್ನಡ ಹಸ್ತಪ್ರತಿಗಳ ಸಂಗ್ರಹ, ಪರಿಷ್ಕರಣ ಮತ್ತು ಪ್ರಕಟಣೆಗಳನ್ನು ಉದ್ದೇಶವಾಗಿ ಇರಿಸಿಕೊಂಡಿತು. ಇದು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿ, 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು.

ಈ ಸಂಸ್ಥೆಗೆ ಜಾಗತಿಕ ಖ್ಯಾತಿಯನ್ನು ತಂದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಆ ಕೃತಿಯ ಗ್ರಂಥಲಿಪಿಯ ತಾಳೆಗರಿ ಪ್ರತಿಯೊಂದನ್ನು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಗ್ರಂಥಾಲಯಕ್ಕೆ ತಂದೊಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಯವರು ಅದರ ಮಹತ್ತ್ವವನ್ನು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಅನುವಾದಿಸಿ ವಿದ್ವಾಂಸರ ಗಮನಕ್ಕೆ ತಂದರು. ಮೂಲವು 1909ರಲ್ಲಿಯೂ ಪೂರ್ಣ ಇಂಗ್ಲಿಷ್ ಅನುವಾದವು 1915ರಲ್ಲಿಯೂ ಪ್ರಕಟವಾದವು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತ ತಿಳಿವಳಿಕೆಯೇ ಇದರಿಂದ ಬದಲಾಯಿತೆಂಬುದು ಸರ್ವವಿದಿತ.

ಈ ಪ್ರಸಂಗವನ್ನು ಶಾಮಶಾಸ್ತ್ರಿಯವರ ವಿದ್ವತ್ತಿನ ಕಥೆಯಾಗಿ ಹೇಳುವುದು ರೂಢಿ. ಅದು ನ್ಯಾಯವೂ ಹೌದು. ಆದರೆ ಓಲೆಯನ್ನು ತಂದ ಪಂಡಿತರ ಕಡೆಯಿಂದಲೂ ಇದನ್ನು ನೋಡಬಹುದು. ಅವರು ಮೈಸೂರು ಸಂಸ್ಥಾನದ ಪ್ರಜೆಯಲ್ಲ. ಬ್ರಿಟಿಷ್ ಮದರಾಸಿನ ಜಿಲ್ಲೆಯೊಂದರವರು. ಶಾಮಶಾಸ್ತ್ರಿಯವರ ಬರವಣಿಗೆಯಲ್ಲಿ ಅವರು ತಂಜಾವೂರು ಜಿಲ್ಲೆಯ ಪಂಡಿತರೆಂದಷ್ಟೇ ಕಾಣಿಸಿಕೊಳ್ಳುತ್ತಾರೆ. ಹೆಸರು ಉಳಿಯದ ಈ ಪರಸ್ಥಳದವರಿಗೆ ಮೈಸೂರಿನ ಗ್ರಂಥಾಲಯವು ತೆರೆದಿತ್ತು. ಅವರ ಕೈಯಲ್ಲಿದ್ದುದನ್ನು ಓದಿ ಗುರುತಿಸಬಲ್ಲ ಗ್ರಂಥಪಾಲಕರು ಅಲ್ಲಿದ್ದರು; ಓದಿದ್ದನ್ನು ಅಚ್ಚು ಹಾಕುವ ಗ್ರಂಥಮಾಲೆಯಿತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಓಲೆಯ ಕಟ್ಟು ಕಟ್ಟಾಗಿಯೇ ಉಳಿಯುತ್ತಿತ್ತು. ಪರಸ್ಥಳದವನು ಗ್ರಂಥಾಲಯದಿಂದ ಪಡೆಯುವವನು ಮಾತ್ರವಲ್ಲ, ಅದಕ್ಕೆ ಕೊಡುವವನೂ ಹೌದು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಬೇಕಿಲ್ಲ.

4. ಚೆನ್ನೈ: ಚಂದಾದಾರನಿಂದ ಓದುಗನೆಡೆಗೆ

ಹಸ್ತಪ್ರತಿ ಭಂಡಾರಗಳಿಗೆ ಬರುವವರು ಬಹುಮಟ್ಟಿಗೆ ವಿದ್ವಾಂಸರು. ಸಾಮಾನ್ಯ ಓದುಗನಿಗೆ ಬೇಕಾದ ಮುದ್ರಿತ ಗ್ರಂಥಗಳ ಗ್ರಂಥಾಲಯವು ಬೆಳೆದ ಮಾರ್ಗವೇ ಬೇರೆ. ಭಾರತದ ದೊಡ್ಡ ನಗರಗಳಲ್ಲಿ ಅದು ಮೊದಲು ಚಂದಾದಾರರ ಅಥವಾ ಷೇರುದಾರರ ಸಂಸ್ಥೆಯಾಗಿ ಹುಟ್ಟಿತು. 1836ರಲ್ಲಿ ಸ್ಥಾಪಿತವಾದ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯದಲ್ಲಿ 300 ರೂಪಾಯಿ ತೆತ್ತವರು ಸ್ವಾಮ್ಯಸದಸ್ಯರಾಗುತ್ತಿದ್ದರು. ದ್ವಾರಕಾನಾಥ ಠಾಕೂರರು ಅವರಲ್ಲಿ ಮೊದಲಿಗರು. ಬಡ ವಿದ್ಯಾರ್ಥಿಗಳಿಗೆ ಕೆಲಕಾಲ ಉಚಿತವಾಗಿ ಓದುವ ಅವಕಾಶವಿದ್ದುದು ಆ ಕಾಲಕ್ಕೆ ಉದಾರವಾದ ಕ್ರಮವೇ. ಆದರೂ ಹಕ್ಕು ಸದಸ್ಯನದು, ಉಳಿದವರಿಗೆ ದೊರೆಯುತ್ತಿದ್ದುದು ಅನುಗ್ರಹ. ಇದರ ಸಂಗ್ರಹವು ಮುಂದೆ 1903ರಲ್ಲಿ ಇಂಪೀರಿಯಲ್ ಗ್ರಂಥಾಲಯದೊಳಕ್ಕೆ ಸೇರಿ, ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಗ್ರಂಥಾಲಯವಾಗಿ 1953ರಲ್ಲಿ ಬೆಲ್ವೆಡಿಯರ್ ಭವನದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು.

ಮದರಾಸಿನಲ್ಲಿ ಸರ್ಕಾರವೇ ಮುಂದೆ ಬಂದಿತು. ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಹೆಚ್ಚುವರಿಯಾಗಿದ್ದ ಪುಸ್ತಕಗಳು 1860ರ ವೇಳೆಗೆ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದ್ದವು. ಅವುಗಳ ಸುತ್ತ ಬೆಳೆದ ಸಂಗ್ರಹಕ್ಕೆ ಗವರ್ನರ್ ಕನ್ನೆಮರಾ ಅವರು 1890ರ ಮಾರ್ಚ್ 22ರಂದು ಹೊಸ ಕಟ್ಟಡದ ಶಂಕುಸ್ಥಾಪನೆ ಮಾಡಿದರು. 1896ರ ಡಿಸೆಂಬರ್ 5ರಂದು ಅದು ಉದ್ಘಾಟನೆಗೊಂಡಿತು. ಎಗ್ಮೋರಿನ ಈ ಭವನದ ಶಿಲ್ಪಿ ಹೆನ್ರಿ ಇರ್ವಿನ್. 1897ರಲ್ಲಿ ಬೆಂಕಿಗೆ ಆಹುತಿಯಾದ ಮೈಸೂರು ಅರಮನೆಯ ಜಾಗದಲ್ಲಿ ಇಂದಿನ ಅರಮನೆಯನ್ನು ರೂಪಿಸಿದವರೂ ಇವರೇ. ಬಣ್ಣದ ಗಾಜು, ತೇಗದ ಕೆತ್ತನೆ, ಕಮಾನಿನ ಎತ್ತರದ ಮಾಡು ಇವುಗಳನ್ನು ಮೈಸೂರಿನಲ್ಲಿ ಕಂಡವರಿಗೆ ಕನ್ನೆಮರಾದ ಹಳೆಯ ಸಭಾಂಗಣದಲ್ಲಿ ಅದೇ ಕೈಯ ಗುರುತು ಕಾಣುತ್ತದೆ.

ಕಟ್ಟಡಕ್ಕಿಂತ ಮಹತ್ತ್ವದ್ದು ಈ ಸಂಸ್ಥೆಗೆ ದೊರೆತ ಕಾನೂನಿನ ಆಧಾರ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಸಲ್ಲಬೇಕಾದ ಪುಸ್ತಕವೊಂದಿದೆಯೆಂಬ ಅವರ ವಾದದಲ್ಲಿ ಓದುಗನು ಯಾವ ಊರಿನವನು, ಯಾವ ಅಂತಸ್ತಿನವನು ಎಂಬ ಪ್ರಶ್ನೆಗೆ ಎಡೆಯಿಲ್ಲ. ಅವರ ದೀರ್ಘಕಾಲದ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನವಿದು. ಇದರನ್ವಯ 1950ರ ಏಪ್ರಿಲ್ 1ರಂದು ಕನ್ನೆಮರಾ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಯಿತು.

ಕನ್ನಡ ಸಂಶೋಧಕರಿಗೆ ಕನ್ನೆಮರಾ ಮತ್ತೊಂದು ಕಾರಣದಿಂದಲೂ ಮುಖ್ಯ. 1954ರ ಪುಸ್ತಕಗಳ ವಿತರಣಾ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕವನ್ನೂ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಚೆನ್ನೈ, ಮುಂಬಯಿ, ದೆಹಲಿಗಳ ನಿಯುಕ್ತ ಗ್ರಂಥಾಲಯಗಳಿಗೆ ಪ್ರಕಾಶಕರು ಕಳುಹಿಸತಕ್ಕದ್ದು. ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಅಚ್ಚಾದ ಕನ್ನಡ ಪುಸ್ತಕವೂ ಈ ನಿಯಮಕ್ಕೆ ಒಳಪಟ್ಟಿದೆ. ಎಲ್ಲ ಪ್ರಕಾಶಕರೂ ಇದನ್ನು ಪಾಲಿಸುವುದಿಲ್ಲವೆಂಬುದು ನಿಜ. ಆದರೂ ತನ್ನ ಊರಿನಲ್ಲಿ ಕಾಣದ ಪುಸ್ತಕವನ್ನು ಕನ್ನಡ ಓದುಗನು ಪರರಾಜ್ಯದ ಗ್ರಂಥಾಲಯದಲ್ಲಿ ಹುಡುಕಲು ಕಾನೂನೇ ಅವಕಾಶ ಮಾಡಿಕೊಟ್ಟಿದೆ.

5. ಬೆಂಗಳೂರು: ಉಪಕರ ಮತ್ತು ಹಕ್ಕು

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ನಿರ್ಮಿತವಾದುದು. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಆರಂಭವಾದ ಸಾರ್ವಜನಿಕ ಗ್ರಂಥಾಲಯವು 1915ರಿಂದ ಈ ಭವನದಲ್ಲಿ ನೆಲೆಗೊಂಡಿತು. ಸ್ಮಾರಕವೊಂದನ್ನು ಓದುಗರಿಗೆ ಬಿಟ್ಟುಕೊಟ್ಟ ಈ ನಿರ್ಧಾರವು ಗಮನಾರ್ಹವಾದುದು.

1956ರ ಏಕೀಕರಣದ ವೇಳೆಗೆ ಕನ್ನಡ ನಾಡಿನ ಗ್ರಂಥಾಲಯ ವ್ಯವಸ್ಥೆಯು ಒಂದೇ ಬಗೆಯದಾಗಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಗೆ 1948ರ ಮದರಾಸು ಕಾಯ್ದೆ ಅನ್ವಯಿಸುತ್ತಿತ್ತು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1955ರ ಹೈದರಾಬಾದ್ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕಾಯ್ದೆಯಿರಲಿಲ್ಲ. ಅಲ್ಲಿ 1939ರಲ್ಲಿ ನೇಮಕವಾದ ಫೈಜಿ ಸಮಿತಿಯ ಯೋಜನೆಯಂತೆ ಜನರೇ ಕಟ್ಟಿಕೊಂಡ ವಾಚನಾಲಯಗಳಿಗೆ ಅನುದಾನ ಕೊಡುವ ಪದ್ಧತಿ ಬೆಳೆದಿತ್ತು. ಹಳೆಯ ಮೈಸೂರಿನಲ್ಲಿಯೂ ಕೊಡಗಿನಲ್ಲಿಯೂ ಗ್ರಂಥಾಲಯಕ್ಕೆ ಶಾಸನದ ಆಧಾರವಿರಲಿಲ್ಲ. ಹೀಗಾಗಿ ಒಂದೇ ರಾಜ್ಯದೊಳಗೆ ಪ್ರಯಾಣ ಮಾಡುವ ಓದುಗನು ಒಂದು ಜಿಲ್ಲೆಯಲ್ಲಿ ಹಕ್ಕುದಾರನಾಗಿ, ಇನ್ನೊಂದರಲ್ಲಿ ಚಂದಾದಾರರ ಅತಿಥಿಯಾಗಿ ಇರಬೇಕಾಗಿತ್ತು.

ಈ ಭಿನ್ನತೆಯನ್ನು ತೊಡೆದುಹಾಕಿದ್ದು 1965ರ ಮೈಸೂರು, ಅಂದರೆ ಇಂದಿನ ಕರ್ನಾಟಕ, ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. 1966ರಲ್ಲಿ ಇದು ಜಾರಿಗೆ ಬಂದು, ಕಬ್ಬನ್ ಉದ್ಯಾನದ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಅದರ ಅಂಗಗಳಾಗಿ ಬೆಳೆದವು. ರಂಗನಾಥನ್ ಅವರು 1957ರಿಂದ ಬೆಂಗಳೂರಿನಲ್ಲಿಯೇ ನೆಲೆಸಿದ್ದರು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಇಲ್ಲಿಯೇ ನಿಧನರಾದರು. ಗ್ರಂಥಾಲಯವು ದಾನವನ್ನು ನೆಚ್ಚಿರದೆ ತೆರಿಗೆಯ ಆಧಾರದ ಮೇಲೆ ನಿಲ್ಲಬೇಕೆಂಬ ಅವರ ನಿಲುವು ಕರ್ನಾಟಕದ ಕಾಯ್ದೆಯಲ್ಲಿ ಗ್ರಂಥಾಲಯ ಉಪಕರದ ರೂಪದಲ್ಲಿ ಸ್ಥಾನ ಪಡೆಯಿತು.

ಸ್ಥಳೀಯ ಸಂಸ್ಥೆಗಳು ವಿಧಿಸುವ ಭೂಮಿ ಮತ್ತು ಕಟ್ಟಡಗಳ ತೆರಿಗೆಯೊಂದಿಗೆ ಈ ಉಪಕರವು ಸಂಗ್ರಹವಾಗುತ್ತದೆ. ನಾಗಾವಿಯ ಸರಸ್ವತೀ ಭಂಡಾರಿಗರಿಗೆ ದತ್ತಿಯಿಂದ ಬಂದ ಸ್ಥಿರತೆಯು ಇಲ್ಲಿ ಪ್ರಜೆಗಳ ತೆರಿಗೆಯಿಂದ ಬರುತ್ತದೆ. ಆದರೆ ಪರಿಣಾಮದಲ್ಲಿ ವ್ಯತ್ಯಾಸವಿದೆ. ದತ್ತಿಯು ಎಣಿಸಿದವರಿಗಾಗಿ ಇತ್ತು. ಉಪಕರವು ಎಣಿಸದವರಿಗೂ ಬಾಗಿಲು ತೆರೆಯುತ್ತದೆ. ಹಾಸನದ ಮನೆಯೊಡೆಯನು ತೆತ್ತ ಉಪಕರದಿಂದ ನಡೆಯುವ ವಾಚನಾಲಯದಲ್ಲಿ ರಾಯಚೂರಿನಿಂದ ಬಂದವನು ಕುಳಿತು ಓದುತ್ತಾನೆ. ರಾಯಚೂರಿನ ಉಪಕರದ ಫಲವನ್ನು ಹಾಸನದವನು ಪಡೆಯುತ್ತಾನೆ. ಪುಸ್ತಕವನ್ನು ಮನೆಗೆ ಒಯ್ಯಲು ಸದಸ್ಯತ್ವವೂ ಠೇವಣಿಯೂ ಬೇಕು. ಕುಳಿತು ಓದಲು ಬೇಡ. ಹೀಗಾಗಿ ವಾಚನಾಂಗಣವೇ ಪರಸ್ಥಳದವನ ಪಾಲಿನ ಗ್ರಂಥಾಲಯ.

ಈ ವ್ಯವಸ್ಥೆಯ ದೌರ್ಬಲ್ಯವೂ ಉಪಕರದಲ್ಲಿಯೇ ಇದೆ. ಸಂಗ್ರಹಿಸುವವರು ಸ್ಥಳೀಯ ಸಂಸ್ಥೆಗಳು, ವೆಚ್ಚ ಮಾಡಬೇಕಾದವರು ಗ್ರಂಥಾಲಯ ಪ್ರಾಧಿಕಾರಗಳು. ಸಂಗ್ರಹವಾದ ಮೊತ್ತವು ಗ್ರಂಥಾಲಯಕ್ಕೆ ಸಲ್ಲದೆ ಬಾಕಿ ಉಳಿಯುವುದು ಕರ್ನಾಟಕದ ನಗರಗಳಲ್ಲಿ ಪದೇ ಪದೇ ಕಂಡುಬಂದಿರುವ ಸಮಸ್ಯೆ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡ ನಂತರ, ಐದು ಸಾವಿರಕ್ಕೂ ಹೆಚ್ಚಿನ ಸಂಖ್ಯೆಯ ಈ ಕೇಂದ್ರಗಳು 'ಅರಿವು ಕೇಂದ್ರ'ಗಳೆಂಬ ಹೆಸರಿನಲ್ಲಿ ಹೊಸ ರೂಪ ಪಡೆಯತೊಡಗಿವೆ. ಹಣವು ಸಕಾಲಕ್ಕೆ ಪುಸ್ತಕವಾಗಿ, ಗ್ರಂಥಪಾಲಕರ ವೇತನವಾಗಿ ಪರಿವರ್ತನೆಯಾಗಬೇಕೆಂಬ ಪ್ರಶ್ನೆ ಮಾತ್ರ ನಗರಕ್ಕೂ ಗ್ರಾಮಕ್ಕೂ ಸಮಾನ.

6. ಉಪಸಂಹಾರ

ಈ ನಾಲ್ಕು ಸಂಸ್ಥೆಗಳ ಬಾಗಿಲುಗಳು ನಾಲ್ಕು ಬಗೆಗಳಲ್ಲಿ ತೆರೆದವು. ತಂಜಾವೂರಿನಲ್ಲಿ ಸೂಚಿಯಿಂದ, ಮೈಸೂರಿನಲ್ಲಿ ಬಂದದ್ದನ್ನು ಗುರುತಿಸಬಲ್ಲ ವಿದ್ವತ್ತಿನಿಂದ, ಚೆನ್ನೈಯಲ್ಲಿ ಶಾಸನದಿಂದ, ಬೆಂಗಳೂರಿನಲ್ಲಿ ಶಾಸನದೊಂದಿಗೆ ಉಪಕರದ ಬಲದಿಂದ. ಸುಂದರವಾದ ಕಟ್ಟಡವು ಇವುಗಳಲ್ಲಿ ಯಾವುದರ ಸ್ಥಾನವನ್ನೂ ತುಂಬಲಾರದು.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಗ್ರಂಥಾಲಯ ಭವನಗಳು ಪಾರಂಪರಿಕ ಕಟ್ಟಡಗಳೆಂದು ಪ್ರವಾಸಿಗಳ ಗಮನ ಸೆಳೆಯುತ್ತಿವೆ. ಇದು ಸ್ವಾಗತಾರ್ಹ. ಆದರೆ ಕಂಬವನ್ನೂ ಗಾಜನ್ನೂ ನೋಡಿ ಹಿಂದಿರುಗುವ ಪ್ರವಾಸಿಯು ಒಂದರ್ಥದಲ್ಲಿ ಮತ್ತೆ ದರ್ಶನದ ಕಾಲಕ್ಕೇ ಮರಳುತ್ತಾನೆ. ಕನ್ನೆಮರಾದಲ್ಲಿ ಹಳೆಯ ಸಭಾಂಗಣವು ನೋಟಕ್ಕೂ ನಂತರದ ಕಟ್ಟಡವು ನಿತ್ಯದ ಓದಿಗೂ ಮೀಸಲಾಗಿರುವುದು ಈ ಅಂತರವನ್ನು ನೆನಪಿಸುತ್ತದೆ. ಕಬ್ಬನ್ ಉದ್ಯಾನದ ಭವನದಲ್ಲಿ ನೋಡುವ ಕಟ್ಟಡವೂ ಓದುವ ಕಟ್ಟಡವೂ ಒಂದೇ ಆಗಿ ಉಳಿದಿರುವುದು ಅದರ ವಿಶೇಷ.

ಪ್ರವಾಸದಲ್ಲಿರುವ ಸಂಶೋಧಕನು ಪರಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅಪೇಕ್ಷಿಸಬಹುದಾದದ್ದು ಬಹಳವೇನಲ್ಲ. ಕುಳಿತು ಓದಲು ಒಂದು ಆಸನ, ನೋಡಲು ಒಂದು ಸೂಚಿ, ಕೇಳಿದರೆ ತಿಳಿಸುವ ಗ್ರಂಥಪಾಲಕ, ಜೊತೆಗೆ ಆ ಊರಿನ ಗ್ಯಾಸೆಟಿಯರು, ಸ್ಥಳೀಯ ಲೇಖಕರ ಕೃತಿಗಳು, ಹಳೆಯ ವೃತ್ತಪತ್ರಿಕೆಗಳು. ಇವು ದೊರೆಯುವ ಗ್ರಂಥಾಲಯವು ಎಷ್ಟೇ ಚಿಕ್ಕದಾದರೂ ನೋಡತಕ್ಕದ್ದು. ಇವುಗಳನ್ನು ಒದಗಿಸುವ ಹೊಣೆಯು ಆ ಊರಿನದಷ್ಟೇ ಅಲ್ಲ. ತನ್ನ ಊರಿನ ಗ್ರಂಥಾಲಯದ ಉಪಕರವು ಅದಕ್ಕೇ ಸಲ್ಲುತ್ತಿದೆಯೇ ಎಂದು ವಿಚಾರಿಸುವ ಪ್ರತಿಯೊಬ್ಬ ಓದುಗನದೂ ಆಗಿದೆ. ಅವನ ಊರಿನ ವಾಚನಾಂಗಣದಲ್ಲಿಯೂ ಯಾರೋ ಒಬ್ಬ ಪರಸ್ಥಳದವನು ಬಂದು ಪುಸ್ತಕ ಕೇಳುವನು.